ಫ್ರಿಜ್ಜಿನ ಮೇಲಿನ ಯೂರೋಪು

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಹೆಬ್ಬೆರಳುದ್ದದ ಒಂದು ಗೋಪುರವಿತ್ತು. ಪ್ಯಾರಿಸ್ಸಿನದು, ಅಂಟಿಕೊಂಡಿರಲಿ ಅಂತ ಬೆನ್ನಿಗೆ ಅಯಸ್ಕಾಂತ ಇಟ್ಟಿರುತ್ತಾರಲ್ಲ, ಅಂಥದ್ದು. ಕಳೆದ ತಿಂಗಳು ಅದನ್ನು ಕಿತ್ತು ಅಡುಗೆಮನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡು ಮತ್ತು ಕೆಟ್ಟುಹೋದ ಗ್ಯಾಸ್ ಲೈಟರುಗಳ ನಡುವೆ ಹಾಕಿಬಿಟ್ಟೆ. ಯಾಕೆ ಅಂತ ನಮ್ಮ ಮನೆಯವರು ಕೇಳಿದರು. ಧೂಳು ಕೂರುತ್ತೆ ಅಂದೆ. ಅದೂ ಸುಳ್ಳೇ. ಆ ಗೋಪುರದ ಸುತ್ತ ನಾನು ಹೇಳಿದ ಸುಳ್ಳುಗಳಲ್ಲಿ ಅದು ಕೊನೆಯದು ಮತ್ತು ಎಲ್ಲಕ್ಕಿಂತ ಚಿಕ್ಕದು. ದೊಡ್ಡದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ. ನಡುವೆ ನಾನು ಬೇರೆ ಕಡೆ ಹೊರಳಿದರೆ, ನಾಚಿಕೆ ಆಗುವ ಜಾಗ ಹತ್ತಿರ ಬಂತು ಅಂತ ತಿಳಿದುಕೊಳ್ಳಿ.

ನಾನು ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಇಪ್ಪತ್ತೆರಡು ವರ್ಷ ಮೈಸೂರಿನಲ್ಲೇ ಇದ್ದು ಅಲ್ಲೇ ರಿಟೈರ್ ಆಗುತ್ತೇನೆ ಅಂದುಕೊಂಡಿದ್ದಾಗ ಅರಸೀಕೆರೆಗೆ ವರ್ಗವಾಯಿತು. ಮನೆಯವರ ಕೆಲಸ ಮೈಸೂರಿನಲ್ಲೇ. ಶನಿವಾರ ರೈಲಿನಲ್ಲಿ ಬರುತ್ತಾರೆ, ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಉಳಿದ ದಿನ ನಾನು, ನನ್ನ ಭೂಪಟಗಳು, ಮತ್ತು ದೂರದ ಸ್ಟೇಷನ್ನಿನಲ್ಲಿ ಮೂರು ಭಾಷೆಯಲ್ಲಿ ಕ್ಷಮೆ ಕೇಳುವ ಆ ಹೆಂಗಸಿನ ದನಿ. ಯಾವ ರೈಲು ತಡವಾದರೂ ಆಕೆ ಬೇಜಾರಿಲ್ಲದೆ ಕ್ಷಮೆ ಕೇಳುತ್ತಾಳೆ. ಮೊದಮೊದಲು ಅದು ಕಿರಿಕಿರಿ ಅನ್ನಿಸುತ್ತಿತ್ತು, ಈಚೆಗೆ ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.

ಹೊಸ ಊರಿನಲ್ಲಿ ನೆಲೆಯೂರುವುದು ಅಂದರೆ ಗ್ಯಾಸ್ ಕನೆಕ್ಷನ್ನು, ಹಾಲಿನವನು, ಪ್ಲಂಬರ್ ಅಂತ ಎಲ್ಲರೂ ಹೇಳುತ್ತಾರೆ. ಅವೆಲ್ಲ ಒಂದು ವಾರದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಮೈಸೂರಿನಲ್ಲಿ ನಾನು ಸೊಪ್ಪಿನ ಅಂಗಡಿಗೆ ಹೋದರೆ ಸೊಪ್ಪಿನವಳ ಮಗಳಿಗೆ ನಾನು ಪಾಠ ಹೇಳಿರುತ್ತಿದ್ದೆ. ಇಲ್ಲಿ ಯಾವೂರು ಅಂತ ಕೇಳುತ್ತಿದ್ದರು, ಮೈಸೂರು ಅನ್ನುತ್ತಿದ್ದೆ, ಸರಿ ಅನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ನಲವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಯಾರೂ ಅಲ್ಲದವಳಾಗುವುದಕ್ಕೆ ನಾನು ತಯಾರಿರಲಿಲ್ಲ.

ಪಕ್ಕದ ಮನೆಯ ಸರ್ವಮಂಗಳಮ್ಮನವರು ನನಗೆ ಪರಿಚಯವಾದದ್ದು ಕೊಬ್ಬರಿಯಿಂದ. ಅವರ ಮನೆಯವರದು ಕೊಬ್ಬರಿ ಮಂಡಿ, ಊರಾಚೆ ತೋಟವೂ ಇದೆ. ಹಿತ್ತಲಿನಲ್ಲಿ ಒಂದು ಅಟ್ಟ, ಅದರ ತುಂಬ ಸುಲಿಯದ ತೆಂಗಿನಕಾಯಿ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಕೂತು ಒಳಗಿನ ನೀರು ಆರಿ ಕೊಬ್ಬರಿಯಾಗಬೇಕು. ಯಾವ ಕಾಯಿ ಆಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಅರವತ್ತಾರು ವರ್ಷದ ಮಂಗಳಮ್ಮ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಒಣಗಿದ ಕೊಬ್ಬರಿಯ ಗಟ್ಟಿ ಗಿಟುಕು ಲೊಟಲೊಟ ಅಂದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಅಲ್ಲಾಡಿಸದೆ ಒಂದು ಕಾಯನ್ನೂ ಅವರು ಆಗಿದೆ ಅಂದದ್ದು ನಾನು ನೋಡಿಲ್ಲ. ಮನೆ ತುಂಬಿದ ಮಾರನೇ ದಿನ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಹಿಡಿದು ಒಳಗೆ ಬಂದವರ ಕಣ್ಣು ನೇರವಾಗಿ ಬಿದ್ದದ್ದು ಫ್ರಿಜ್ಜಿನ ಮೇಲೆ.

"ಇದು ಫಾರಿನ್ನಿಂದ ಅಲ್ವಾ ಮೇಡಂ? ಹೋಗಿದ್ರಾ ನೀವು?"

ಹೋಗಿದ್ದೆ, ಅದು ಸುಳ್ಳಲ್ಲ. ಎರಡು ವರ್ಷದ ಕೆಳಗೆ ಹನ್ನೊಂದು ದಿನದ ಗುಂಪು ಪ್ರವಾಸ. ಆದರೆ ಎರಡನೇ ದಿನವೇ ಏನೋ ತಿಂದು ಹೊಟ್ಟೆ ಕೆಟ್ಟಿತು. ಅಲ್ಲಿಂದ ಮುಂದೆ ನಾನು ಯೂರೋಪನ್ನು ಕಂಡದ್ದು ಬಹುಪಾಲು ಹೋಟೆಲು ಕೋಣೆಗಳ ಕಿಟಕಿಯಿಂದ. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಹರಿಸಿದ ರೈನ್ ನದಿ ಎದುರಿಗೆ ಬಂದಾಗ ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮುಖ ಇಟ್ಟುಕೊಂಡಿದ್ದೆ. ಹಿಮದ ಬೆಟ್ಟಕ್ಕೆ ಎಲ್ಲರೂ ಹೋದಾಗ ಕೆಳಗಿನ ಸ್ಟೇಷನ್ನಿನಲ್ಲಿ ಅವರ ಚೀಲಗಳನ್ನು ಕಾದೆ. ಆ ಗೋಪುರದ ಮುಂದೆ ಒಂದು ಫೋಟೋಗೆ ನಿಂತೆ, ಮೇಲೆ ಹತ್ತಲಿಲ್ಲ. ಫ್ರಿಜ್ಜಿನ ಮೇಲಿನದನ್ನು ಕೊಂಡವಳೂ ನಾನಲ್ಲ. ಗುಂಪಿನಲ್ಲಿದ್ದ ಒಬ್ಬರು ಒಂದು ಹೆಚ್ಚಾಯಿತು ಅಂತ ಕೊಟ್ಟರು.

ಮೈಸೂರಿನಲ್ಲಿ ಈ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅಲ್ಲಿ ನನಗೆ ಬೇರೆ ಗುರುತಿತ್ತು, ಇದನ್ನು ಕಳೆದುಕೊಂಡರೂ ನಷ್ಟವಿರಲಿಲ್ಲ. ಅರಸೀಕೆರೆಯಲ್ಲಿ ಮಂಗಳಮ್ಮನ ಕಣ್ಣು ಅರಳಿದ್ದನ್ನು ಕಂಡ ಮೇಲೆ, "ಹೋಗಿದ್ದೆ" ಅನ್ನುವುದರ ಮುಂದೆ ಪೂರ್ಣವಿರಾಮ ಹಾಕಿಬಿಟ್ಟೆ. ವಾರದೊಳಗೆ ಬೀದಿಗೆಲ್ಲ ನಾನು ಯೂರೋಪಿಗೆ ಹೋಗಿಬಂದ ಮೇಡಂ. ಸಂಜೆ ಹೊತ್ತು ಯಾರಾದರೂ ಗೇಟಿನ ಹತ್ತಿರ ನಿಂತು, ಅಲ್ಲಿ ಚಳಿ ಎಷ್ಟಂತೆ, ಅನ್ನ ಸಿಗುತ್ತಾ ಅಂತ ಕೇಳುವುದು, ನಾನು ಹೇಳುವುದು. ಸ್ವೆಟರು ಎರಡು ಸಾಲದು, ಮೂರು ಬೇಕು. ಗೋಪುರಕ್ಕೆ ಬೆಳಿಗ್ಗೆ ಹೋಗಬೇಕು, ಮಧ್ಯಾಹ್ನ ಕ್ಯೂ. ಹಿಮದ ಮೇಲೆ ಕಾಲು ಅಡ್ಡವಾಗಿ ಇಡಬೇಕು. ಎಲ್ಲಾ ಗುಂಪಿನವರ ಬಾಯಿಂದ ಕೇಳಿದ್ದು, ಇಲ್ಲವೇ ಆಗಿಂದಾಗಲೇ ಹುಟ್ಟಿದ್ದು. ನಾನೇ ಪರೀಕ್ಷಿಸಿ ನೋಡಿದ್ದ ಸಲಹೆ ಒಂದೇ. ಅಲ್ಲಿ ಕಕ್ಕಸಿನಲ್ಲಿ ನೀರಿಡುವುದಿಲ್ಲ, ಒಂದು ಪ್ಲಾಸ್ಟಿಕ್ ಚೊಂಬು ಇಟ್ಟುಕೊಂಡು ಹೋಗಿ.

ನಮ್ಮಜ್ಜಿಯ ಊರಿನಲ್ಲಿ ಕಾಶಿಗೆ ಹೋಗಿಬಂದ ಒಬ್ಬರಿದ್ದರು. ಊರವರು ಅವರ ಕಾಲು ತೊಳೆದರಂತೆ, ಗಂಗೆಯ ಪೂಜೆ ಮಾಡಿ ಊರೂಟ ಹಾಕಿದರಂತೆ. ಆಮೇಲೆ ಮೂವತ್ತು ವರ್ಷ ಅವರು ಜಗುಲಿಯ ಮೇಲೆ ಕೂತು ಕಾಶಿಯನ್ನು ವರ್ಣಿಸಿದರು, ವರ್ಷದಿಂದ ವರ್ಷಕ್ಕೆ ಗಂಗೆ ಅಗಲವಾಗುತ್ತಾ ಹೋಯಿತು. ಅವರು ಪಂಢರಾಪುರ ದಾಟಿದ್ದೇ ಅನುಮಾನ ಅಂತ ನಮ್ಮಜ್ಜಿ ಪಿಸುಗುಡುತ್ತಿದ್ದಳು. ಹಳೆಯ ಕಾಲದ ಭೂಪಟ ಬರೆಯುವವರದೂ ಇದೇ ಕಥೆ. ಕಾಣದ ಕಡಲಿನ ಜಾಗವನ್ನು ಖಾಲಿ ಬಿಡಲು ನಾಚಿಕೆಯಾಗಿ ಅಲ್ಲಿ ಒಂದು ವಿಚಿತ್ರ ಮೀನನ್ನೋ ಎರಡು ತಲೆಯ ಹಾವನ್ನೋ ಬರೆದುಬಿಡುತ್ತಿದ್ದರು. ತರಗತಿಯಲ್ಲಿ ಇದನ್ನು ಹೇಳಿ ಮಕ್ಕಳನ್ನು ನಗಿಸುವವಳು ನಾನೇ. ಮಕ್ಕಳು ನನಗೆ ಗೊತ್ತಿಲ್ಲದ್ದನ್ನು ಕೇಳಿದರೆ, ಅದು ಮುಂದಿನ ಅಧ್ಯಾಯದಲ್ಲಿ ಬರುತ್ತೆ ಅನ್ನುವವಳೂ ನಾನೇ.

ನೋಡಿ, ಹೊರಳಿದೆ. ಜಾಗ ಹತ್ತಿರ ಬಂತು.

ನಾನು ಬಂದ ಆರನೇ ತಿಂಗಳಿಗೆ ಮಂಗಳಮ್ಮನವರೇ ಯೂರೋಪಿಗೆ ಹೊರಟರು. ಹಾಸನದಿಂದ ಹೊರಡುವ ಗುಂಪು ಪ್ರವಾಸ, ಜೊತೆಗೆ ಬಾಣಾವರದಲ್ಲಿರುವ ತಂಗಿ ಶಶಿಕಲಾ. ಒಂದು ಸಂಜೆ ನೋಟ್‌ಬುಕ್ಕು, ಪೆನ್ನು ಹಿಡಿದು ಬಂದು ನಮ್ಮ ಊಟದ ಮೇಜಿನ ಮುಂದೆ ಕೂತರು. ನಾನು ಹೇಳುತ್ತಾ ಹೋದೆ. ಸ್ಕೂಲು ಹುಡುಗಿಯ ದುಂಡಕ್ಷರದಲ್ಲಿ ಅವರು ಬರೆದುಕೊಂಡರು. ಚೊಂಬು ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಕೊನೆಗೆ ಪೆನ್ನು ಕೆಳಗಿಟ್ಟು, ಸೆರಗಿನ ಮೇಲೆ ಎದೆಯ ಹತ್ತಿರ ಕೈ ಇಟ್ಟುಕೊಂಡು ಮೆಲ್ಲಗೆ ಕೇಳಿದರು, "ಇದನ್ನೇನ್ ಮಾಡ್ತಾರೆ ಮೇಡಂ ಅಲ್ಲಿ?"

ಇದು ಅಂದರೆ ಅವರ ಇಷ್ಟಲಿಂಗ. ಬೆಳ್ಳಿಯ ಕರಡಿಗೆಯೊಳಗಿಟ್ಟು ದಾರದಲ್ಲಿ ಕತ್ತಿಗೆ ಕಟ್ಟಿಕೊಂಡದ್ದು. ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಅದು ಅವರ ಮೈ ಬಿಟ್ಟು ಹೋಗಿಲ್ಲ. ಮೂರು ಹೆರಿಗೆಯಲ್ಲೂ ಬಿಚ್ಚಲಿಲ್ಲವಂತೆ, ನರ್ಸಿನ ಜೊತೆ ಜಗಳವಾಡಿದರಂತೆ. ದಿನಾ ಬೆಳಿಗ್ಗೆ ಅದನ್ನು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮುಗಿಸುವ ತನಕ ಕಾಫಿಯೂ ಇಲ್ಲ. ನಾನು ಬೇಗ ಹೋಗಿಬಿಟ್ಟರೆ, ಕಣ್ಣಿನಲ್ಲೇ ಕೂತುಕೊಳ್ಳಿ ಅಂತ ಸನ್ನೆ ಮಾಡಿ ಮತ್ತೆ ಅಂಗೈ ನೋಡುತ್ತಿದ್ದರು. ಮಠದ ಅಯ್ಯನವರನ್ನು ಕೇಳಿದ್ದರಂತೆ. ಕತ್ತಿನಲ್ಲೇ ಇರಲಿ ತಾಯಿ, ಕೇಳಿದರೆ ಕೈಯಲ್ಲಿ ಹಿಡಿದು ತೋರಿಸು ಅಂದರಂತೆ.

"ಅವರೇನೋ ಹೇಳಿದ್ರು. ಆದ್ರೆ ಅವರು ವಿಮಾನ ಹತ್ತಿಲ್ವಲ್ಲ. ನೀವು ಕಂಡೋರು."

ನನಗೆ ಗೊತ್ತಿಲ್ಲ ಅಂತ ಒಂದು ಮಾತು ಸಾಕಾಗಿತ್ತು. ಅದರ ಬದಲು, ಲೋಹ ಅಂದರೆ ಏರ್‌ಪೋರ್ಟಿನ ತಪಾಸಣೆಯವರಿಗೆ ಆಗುವುದೇ ಇಲ್ಲ, ಯಂತ್ರ ಕೂಗಿಕೊಳ್ಳುತ್ತೆ, ಎಲ್ಲರ ಮುಂದೆ ಬಿಚ್ಚಿಸುತ್ತಾರೆ, ಅದಕ್ಕಿಂತ ಮೊದಲೇ ಬಟ್ಟೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನಲ್ಲಿ ಇಡುವುದು ಮರ್ಯಾದೆ ಅಂದೆ. ಅವರು ಒಪ್ಪಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಕರಡಿಗೆಯ ಮೇಲಿನ ಕೈ ತೆಗೆಯಲಿಲ್ಲ. ಅದು ನನಗೆ ನನ್ನ ಮಾತಿನ ಮೇಲಿನ ಅನುಮಾನದ ಹಾಗೆ ಕಂಡಿತು. ಆಗ ಬಂತು ನೋಡಿ ಆ ಮಾತು, ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. "ನನ್ನ ತಾಳೀನೇ ಬಿಚ್ಚಿಸಿದರು ಅಮ್ಮಾ" ಅಂದುಬಿಟ್ಟೆ.

ನಡೆದದ್ದು ಏನು ಗೊತ್ತಾ? ಬಳೆಗಳನ್ನು ನಾನೇ ತೆಗೆದು ಟ್ರೇಗೆ ಹಾಕಿದ್ದೆ. ತಾಳಿಯ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ. ಆದರೆ ಮಂಗಳಮ್ಮ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ಅಯ್ಯೋ ಶಿವನೇ, ಎಷ್ಟು ನೊಂದ್ಕೊಂಡ್ರೋ ಏನೋ ಅಂತ ನನ್ನ ಕೈ ಸವರಿದರು. ತಾಳಿಯನ್ನೇ ಬಿಡದವರು ಲಿಂಗವನ್ನು ಬಿಡುತ್ತಾರಾ ಅಂತ ಅಲ್ಲೇ ತೀರ್ಮಾನವಾಯಿತು. ಹಾಗೇನಿಲ್ಲ, ಬಾಯಿತಪ್ಪಿ ಅಂದೆ ಅನ್ನುವುದಕ್ಕೆ ಆಗಲೂ ಸಮಯವಿತ್ತು. ನಾನು ಆ ಮರುಕವನ್ನು ಸುಮ್ಮನೆ ತೆಗೆದುಕೊಂಡೆ. ಇನ್ನೊಂದು ಸ್ವಲ್ಪ ಕಾಫಿ ಬೆರೆಸಲಾ ಅಂತಲೂ ಕೇಳಿದೆ.

ಎರಡು ವಾರವಾದ ಮೇಲೆ ಮಂಗಳಮ್ಮ ಹಿಂತಿರುಗಿದರು. ಮುಖ ಇಳಿದಿತ್ತು, ರವಿಕೆ ತೋಳಿನಲ್ಲಿ ಸಡಿಲವಾಗಿತ್ತು. ನನಗೊಂದು ಚಾಕಲೇಟ್ ಡಬ್ಬಿ ತಂದಿದ್ದರು. ಹೇಗಿತ್ತು ಅಂದರೆ, ಚೆನ್ನಾಗಿತ್ತು ಕಣ್ರೀ, ನಿಮ್ಮ ಚೊಂಬು ಬಾಳ ಉಪಯೋಗಕ್ಕೆ ಬಂತು ಅಂದರು. ಅಷ್ಟೇ. ನಾನು ಬೀಗಿದೆ. ಉಳಿದ ಸಲಹೆಗಳ ವಿಚಾರ ಅವರು ಯಾಕೆ ಎತ್ತಲಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಅದಾಗಿ ಒಂದು ತಿಂಗಳಿಗೆ ಒಂದು ರಜಾ ದಿನ ಅವರೇ ನನ್ನನ್ನು ಹೊರಡಿಸಿದರು. ಪ್ಯಾರಿಸ್ ನೋಡಿದೋರು ಬೇಲೂರು ನೋಡಿಲ್ಲ ಅಂದ್ರೆ ಏನು ಮೇಡಂ ಅಂತ ಬೀದಿಯ ಮುಂದೆಯೇ ಛೇಡಿಸಿದರು. ಹಿಂದಿನ ದಿನ ಶಶಿಕಲಾ ಬಾಣಾವರದಿಂದ ಬಂದು ಇಳಿದಿದ್ದರು. ಮೂವರೂ ಸರ್ಕಾರಿ ಬಸ್ಸು ಹತ್ತಿದೆವು. ಮೊದಲು ಬೇಲೂರು, ಬರುವಾಗ ಹಳೇಬೀಡು.

ಬೇಲೂರಿನಲ್ಲಿ ಚಪ್ಪಲಿ ಬಿಟ್ಟು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕುಣಿಯುತ್ತಾ ಒಳಗೆ ಓಡಿದೆವು. ಕನ್ನಡಿ ಹಿಡಿದ ಹೆಂಗಸಿನ ಮುಂದೆ ಗೈಡೊಬ್ಬ, ಶಿಲ್ಪಿಯ ಮನಸ್ಸಿನಲ್ಲಿ ಆವತ್ತು ಏನಿತ್ತು ಅಂತ ಒಂದು ಗುಂಪಿಗೆ ವಿವರಿಸುತ್ತಿದ್ದ. ನಾನು ಅವನನ್ನು ಅನುಮಾನದಿಂದ ನೋಡಿದೆ. ಒಂದೇ ಕಸುಬಿನವರಿಗೆ ಒಬ್ಬರ ಮೇಲೊಬ್ಬರಿಗೆ ಇರುತ್ತದಲ್ಲ, ಆ ಅನುಮಾನ. ಆಮೇಲೆ ಅನ್ನಿಸಿತು, ಏನೇ ಆಗಲಿ, ಇವನು ಆ ಹೆಂಗಸನ್ನು ದಿನಾ ಕಂಡಿರುತ್ತಾನೆ.

ಹಳೇಬೀಡಿನಲ್ಲಿ ದೇವರ ದರ್ಶನ ಮಾಡಿ, ದೊಡ್ಡ ನಂದಿಯ ಮಂಟಪದಲ್ಲಿ ಒಂದಿಷ್ಟು ಹೊತ್ತು ತಣ್ಣಗೆ ಕೂತು, ಆಮೇಲೆ ಹೊರಗೆ ಹುಲ್ಲಿನ ಮೇಲೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಚಪಾತಿ, ಚಟ್ನಿಪುಡಿ, ಗಟ್ಟಿ ಮೊಸರು. ಊಟ ಚೆನ್ನಾಗಿದೆ ಅಂತ ನಾನಂದೆ. ಶಶಿಕಲಾಗೆ ಅದರಿಂದಲೇ ನೆನಪಾಯಿತೋ ಏನೋ.

"ಅಕ್ಕ ಇವತ್ತು ತಿನ್ನೋದು ನೋಡಿದ್ರೆ ಸಮಾಧಾನ ಆಯ್ತದೆ ಮೇಡಂ. ಅಲ್ಲಿ ಎರಡು ದಿನ ಒಂದು ತುತ್ತು ಮುಟ್ಟಲಿಲ್ಲ. ಯಾವಳೋ ಪುಣ್ಯಾತ್ಗಿತ್ತಿ ಹೇಳ್ಕೊಟ್ಟಿದ್ಲಂತೆ, ಲಿಂಗ ಬಿಚ್ಚಿ ಪೆಟ್ಟಿಗೇಲಿಡು ಅಂತ. ಪೆಟ್ಟಿಗೆ ನಮ್ಮ ಜೊತೆ ಬರಲೇ ಇಲ್ಲ, ಬೇರೆ ವಿಮಾನಕ್ಕೆ ಹೋಗೈತೆ."

ಶಶಿಕಲಾ ನನ್ನ ಮುಖವನ್ನೇ ನೋಡುತ್ತಾ ಹೇಳುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಮಂಗಳಮ್ಮ ತಂಗಿಗೂ ನನ್ನ ಹೆಸರು ಹೇಳಿರಲಿಲ್ಲ. ಅಕ್ಕನ ಪೂಜೆಗೆ ಕೊಡೋಣ ಅಂದರೆ ತಾನು ಲಿಂಗ ಕಟ್ಟುವುದು ಬಿಟ್ಟು ಎಷ್ಟೋ ವರ್ಷವಾಯಿತು, ಕಟ್ಟಿದ್ದರೂ ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ ಅಂದರು. ಅಕ್ಕ ಬರೀ ನೀರು ಕುಡಿದುಕೊಂಡು ಬಸ್ಸಿನಲ್ಲಿ ಕೂತಿರುತ್ತಿದ್ದಳಂತೆ. ಎಲ್ಲರೂ ಇಳಿದು ಫೋಟೋ ತೆಗೆಸಿಕೊಳ್ಳುವಾಗ ಇವಳು ಬರೀ ಎಡ ಅಂಗೈ ನೋಡುತ್ತಿದ್ದಳಂತೆ. ಮೂರನೇ ದಿನ ಪೆಟ್ಟಿಗೆ ಸಿಕ್ಕಿದಾಗ ಹೋಟೆಲಿನ ಬಾಗಿಲಲ್ಲೇ ಅದನ್ನು ತೆರೆದು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅತ್ತಳಂತೆ.

"ಬರ್ತಾ ಕಟ್ಕೊಂಡೇ ಬಂದ್ಲು. ಕೈಯಲ್ಲಿ ಹಿಡ್ಕೊಂಡು ತೋರಿಸಿದ್ಲು, ಚೆಕ್ ಮಾಡೋ ಹುಡುಗಿ ಸಣ್ಣ ಯಂತ್ರ ಹಿಂಗೆ ಆಡಿಸಿ ಹೋಗಮ್ಮ ಅಂದ್ಲು. ತಾಳಿ ಗೀಳಿ ಯಾರದೂ ಮುಟ್ಟಲಿಲ್ಲ. ಅಷ್ಟಕ್ಕೆ ಯಾವಳೋ ಅಲ್ಲದ್ದು ಹೇಳಿ ಇವಳ ಹೊಟ್ಟೆ ಉರಿಸಿದ್ಲು."

"ಹೋಗ್ಲಿ ಬಿಡೇ ಶಶಿ. ಅವರೇನ್ ಬೇಕು ಅಂತ ಹೇಳಿದ್ರಾ" ಅಂದರು ಮಂಗಳಮ್ಮ. ಅನ್ನುತ್ತಾ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದರು. ಎದುರಿಗೆ ಗುಡಿಯ ಬುಡದಲ್ಲಿ ಕಲ್ಲಿನ ಆನೆಗಳ ಸಾಲು, ಅದರ ಮೇಲೆಲ್ಲೋ ಹಂದಿಯ ಮೈ, ನವಿಲಿನ ಬಾಲದ ಮಕರಗಳ ಸಾಲು. ಮಂಗಳಮ್ಮನ ಕಡೆ ತಿರುಗಲಾರದೆ ನಾನು ಆ ಮಕರಗಳನ್ನು ಎಣಿಸುತ್ತಾ ಕೂತೆ. ಅವರಿಗೆ ಗೊತ್ತಿತ್ತು. ತಾಳಿಯ ಸುಳ್ಳು ಅವರಿಗೆ ಹೋಗುವಾಗಲೇ, ಏರ್‌ಪೋರ್ಟಿನ ಮೊದಲನೇ ಗೇಟಿನಲ್ಲೇ, ಲಿಂಗ ಇಲ್ಲದ ಕತ್ತಿನಲ್ಲಿ ತಾಳಿ ಮಾತ್ರ ಉಳಿದಾಗಲೇ ಗೊತ್ತಾಗಿತ್ತು. ಅಷ್ಟು ಗೊತ್ತಿದ್ದೂ ನನಗೆ ಚಾಕಲೇಟು ತಂದಿದ್ದರು. ನನಗೆ ಆಗ ಆದ ನಾಚಿಕೆಯನ್ನು ಹೇಗೆ ಹೇಳಲಿ, ಬೈದಿದ್ದರೆ ಅರ್ಧ ಇಳಿಯುತ್ತಿತ್ತು.

ಬಸ್ಸಿನಲ್ಲಿ ಅವರ ಪಕ್ಕವೇ ಸೀಟು ಸಿಕ್ಕಿತು, ಶಶಿಕಲಾ ಮುಂದೆಲ್ಲೋ ಕೂತರು. ಹೇಳಿಬಿಡಬೇಕು ಅಂತ ಅಮ್ಮಾ ಅಂದೆ. ನಿದ್ದೆ ಬತ್ತೈತೆ ಮೇಡಂ, ಒಂಚೂರು ಒರಗ್ತೀನಿ ಅಂದು ನನ್ನ ಭುಜಕ್ಕೇ ತಲೆ ಕೊಟ್ಟರು. ನಿಜವಾಗಿ ನಿದ್ದೆಯೋ, ನನ್ನ ಮೇಲಿನ ಕನಿಕರವೋ, ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನು ಆ ಬಸ್ಸಿನಲ್ಲಿ ಕಲಿತೆ. ಬಸ್ಸು ಕುಲುಕಿದಾಗೆಲ್ಲ ಅವರ ಸೆರಗಿನೊಳಗಿನ ಕರಡಿಗೆ ನನ್ನ ತೋಳಿಗೆ ಒತ್ತುತ್ತಿತ್ತು. ಅರಸೀಕೆರೆ ಬರುವವರೆಗೆ ನಾನು ತೋಳು ಸರಿಸಲಿಲ್ಲ. ಮನೆಗೆ ಬಂದು ಕೈಕಾಲು ತೊಳೆಯುವುದಕ್ಕೆ ಮುಂಚೆ ಆ ಗೋಪುರವನ್ನು ಕಿತ್ತು ಡ್ರಾಯರಿಗೆ ಹಾಕಿದೆ.

ಗೋಪುರವನ್ನು ಡ್ರಾಯರಿಗೆ ಹಾಕಿದರೆ ಸುಳ್ಳು ಡ್ರಾಯರಿಗೆ ಹೋಗುವುದಿಲ್ಲ. ಮೂರು ವಾರ ನಾನು ಮಂಗಳಮ್ಮನ ಮನೆಯ ಕಡೆ ಹೋಗಲಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆ ಅಂತ ಹೇಳಿಕಳಿಸಿದೆ, ಪರೀಕ್ಷೆಯೇ ಇನ್ನೂ ಆಗಿರಲಿಲ್ಲ. ಹೋಗಿ ಕಾಲಿಗೆ ಬಿದ್ದುಬಿಡಲೇ ಅಂತ ಎಷ್ಟೋ ಸಲ ಹೊಸಿಲು ದಾಟಿ, ಬಟ್ಟೆ ಒಣಗಿದೆಯಾ ಅಂತ ಮುಟ್ಟಿನೋಡಿ ಹಿಂತಿರುಗಿದ್ದೇನೆ.

ಹೋದ ಭಾನುವಾರ ಅವರೇ ಕಾಂಪೌಂಡಿನ ಮೇಲಿಂದ ಕರೆದರು. ಹೋದೆ. ಹಿತ್ತಲಲ್ಲಿ ಕಾಯಿಯ ರಾಶಿಯ ಮುಂದೆ ಅವರು ಕೂತಿದ್ದರು. ಎದುರಿಗೆ ಚಾಪೆಯ ಮೇಲೆ ಹಿಂದಿನ ಬೀದಿಯ ಇಬ್ಬರು ಹೆಂಗಸರು, ಅತ್ತೆ ಮತ್ತು ಸೊಸೆ. ಮುಂದಿನ ಗುಂಪಿನಲ್ಲಿ ಅವರು ಯೂರೋಪಿಗೆ ಹೋಗುವವರು. ಸೊಸೆಯ ಮಡಿಲಲ್ಲಿ ನೋಟ್‌ಬುಕ್ಕು. ಮಂಗಳಮ್ಮ ಕಾಯಿ ಅಲ್ಲಾಡಿಸುತ್ತಲೇ ಉತ್ತರ ಕೊಡುತ್ತಿದ್ದರು. ಚಳಿ ಇತ್ತು, ಒಂದು ಸ್ವೆಟರು ಸಾಕಾಯ್ತು. ಚೊಂಬು ಬೇಕೇ ಬೇಕು. ಎರಡನೇ ಊರು ಹೆಂಗಿತ್ತೋ ನಾನು ಬಸ್ಸಿಂದ ಇಳಿಲಿಲ್ಲ, ನಂಗೊತ್ತಿಲ್ಲ, ಶಶೀನ ಕೇಳಿ. ಲಿಂಗ ಕತ್ತಲ್ಲೇ ಇರಲಿ, ಕೇಳಿದ್ರೆ ಕೈಯಲ್ಲಿ ಹಿಡ್ಕೊಂಡು ತೋರ್ಸಿ, ಏನೂ ಅನ್ನಲ್ಲ.

ಹಾಗಾದ್ರೆ ತಾಳಿ ಅಂತ ಸೊಸೆ ಕೇಳಿದಳು. ಯಾರೋ ಬಿಚ್ಚಿಸುತ್ತಾರೆ ಅಂದರಂತೆ, ಅವರತ್ತೆ ಅದಕ್ಕೇ ಹೆದರಿಕೊಂಡಿದ್ದಾರಂತೆ.

ಮಂಗಳಮ್ಮನ ಕೈ ನಿಂತಿತು. ಕಿವಿಯ ಹತ್ತಿರ ಹಿಡಿದಿದ್ದ ಕಾಯಿ ಹಾಗೇ ಇತ್ತು. ಅವರು ನನ್ನ ಕಡೆ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತಾಗ, ಕೂತುಕೊಳ್ಳಿ ಅಂತ ಸನ್ನೆ ಮಾಡುತ್ತಿದ್ದರಲ್ಲ, ಅದೇ ಕಣ್ಣು.

"ತಾಳಿ ವಿಚಾರ ಮೇಡಂ ಹೇಳ್ತಾರೆ" ಅಂದರು.

ಚಾಪೆಯ ಅಂಚನ್ನು ನೋಡುತ್ತಾ ಹೇಳಿದೆ, "ಯಾರೂ ಬಿಚ್ಚಿಸಲ್ಲ. ನಂದು ಬಿಚ್ಚಿಸಲಿಲ್ಲ. ಬಿಚ್ಚಿಸಿದರು ಅಂತ ನಾನು ಸುಳ್ಳು ಹೇಳಿದ್ದೆ. ಮಂಗಳಮ್ಮನಿಗೇ ಹೇಳಿದ್ದೆ. ಆ ಪೆಟ್ಟಿಗೆಯ ಮಾತು ಹೇಳಿದವಳೂ ನಾನೇ."

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಪೆನ್ನು ಎತ್ತಿ ಹಿಡಿದು, ಇದರಲ್ಲಿ ಬರೆದುಕೊಳ್ಳಬೇಕಾದದ್ದು ಯಾವುದು ಅಂತ ತಿಳಿಯದೆ ಕೂತಿದ್ದಳು. ಮಂಗಳಮ್ಮ ಕಾಯಿಯನ್ನು ಒಮ್ಮೆ ಅಲ್ಲಾಡಿಸಿದರು. ಲೊಟಲೊಟ ಅಂತ ನನಗೂ ಕೇಳಿಸಿತು. ಅದನ್ನು ಆದ ಕಾಯಿಗಳ ರಾಶಿಗೆ ಹಾಕಿ, ಸೊಸೆಯ ಕಡೆ ತಿರುಗಿದರು.

"ಬರ್ಕೊಳಮ್ಮ" ಅಂದರು. "ಇದು ಮೇಡಂ ಕಂಡಿದ್ದು."